ಪ್ರತ್ಯಕ್ಷ ಸಾಕ್ಷಿಯ ನೆನಪು: ಮನಶ್ಶಾಸ್ತ್ರದ ಸಂಶೋಧನಾ ವಿಧಾನಗಳಿಗೊಂದು ಒರೆಗಲ್ಲು

ಮನಶ್ಶಾಸ್ತ್ರವು ಅಧ್ಯಯನ ಮಾಡುವ ಸಂಗತಿಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವಂಥವಲ್ಲ. ನೆನಪು, ಭಯ, ಗಮನ, ನಂಬಿಕೆ ಇವುಗಳಲ್ಲಿ ಯಾವುದನ್ನೂ ನೇರವಾಗಿ ಅಳೆಯಲು ಬಾರದ ಕಾರಣ, ಮನುಷ್ಯ ಆಡುವ ಮಾತು, ಮಾಡುವ ಆಯ್ಕೆ, ಉತ್ತರಿಸಲು ತೆಗೆದುಕೊಳ್ಳುವ ಸಮಯ, ಎಸಗುವ ತಪ್ಪು ಮೊದಲಾದ ಹೊರಗುರುತುಗಳಿಂದಲೇ ಒಳಗಿನದನ್ನು ಊಹಿಸಬೇಕಾಗುತ್ತದೆ. ಆ ಗುರುತುಗಳನ್ನು ಯಾರಿಂದ, ಯಾವ ಸನ್ನಿವೇಶದಲ್ಲಿ, ಯಾವ ಪ್ರಶ್ನೆ ಕೇಳಿ ಪಡೆಯಲಾಯಿತು ಎಂಬುದರ ಮೇಲೆ ಊಹೆಯ ಬೆಲೆ ನಿಂತಿರುತ್ತದೆ. ಪಠ್ಯಪುಸ್ತಕಗಳು ಪ್ರಯೋಗ, ಕ್ಷೇತ್ರ ಅಧ್ಯಯನ, ವ್ಯಕ್ತಿ ಅಧ್ಯಯನ, ಸಮೀಕ್ಷೆ ಎಂದು ವಿಧಾನಗಳನ್ನು ವಿಂಗಡಿಸಿ, ಪ್ರತಿಯೊಂದರ ಎದುರಿಗೂ ಗುಣಗಳದೊಂದು ಪಟ್ಟಿ, ದೋಷಗಳದೊಂದು ಪಟ್ಟಿ ಕೊಡುವುದು ವಾಡಿಕೆ. ಆದರೆ ಈ ಎರಡು ಪಟ್ಟಿಗಳು ಹುಟ್ಟುವುದು ಸಾಮಾನ್ಯವಾಗಿ ಒಂದೇ ನಿರ್ಧಾರದಿಂದ: ಪ್ರಯೋಗಾಲಯದ ಬಾಗಿಲು ಮುಚ್ಚಿದಾಗ ಹೊರಗಿನ ಗದ್ದಲದ ಜೊತೆಗೆ ಹೊರಗಿನ ಬದುಕೂ ಹೊರಗೇ ಉಳಿಯುತ್ತದೆ. ಇದನ್ನು ಸ್ಪಷ್ಟವಾಗಿ ಕಾಣಲು ಅನೇಕ ವಿಧಾನಗಳನ್ನು ಒಂದೇ ಪ್ರಶ್ನೆಯ ಸುತ್ತ ನಿಲ್ಲಿಸಿ ನೋಡುವುದು ಲೇಸು. ಘಟನೆಯೊಂದನ್ನು ಕಣ್ಣಾರೆ ಕಂಡವರ ನೆನಪನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಅದಕ್ಕೆ ತಕ್ಕುದಾಗಿದೆ; ಏಕೆಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಶಾಸ್ತ್ರದ ಬಹುತೇಕ ಎಲ್ಲ ವಿಧಾನಗಳೂ ಅದರ ಬೆನ್ನು ಹತ್ತಿವೆ, ಮತ್ತು ಅದರ ಉತ್ತರವನ್ನು ಅವಲಂಬಿಸಿ ಮನುಷ್ಯರು ಸೆರೆಮನೆಗೆ ಹೋಗುತ್ತಾರೆ.

ನೆನಪಿನ ಪ್ರಯೋಗಾತ್ಮಕ ಅಧ್ಯಯನ ಆರಂಭವಾದದ್ದು ಒಬ್ಬನೇ ವ್ಯಕ್ತಿಯಿಂದ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಶೋಧಕನೂ ಅವನೇ, ಪರೀಕ್ಷೆಗೆ ಒಳಗಾದವನೂ ಅವನೇ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿ, ಕೆಲವು ನಿಮಿಷಗಳಿಂದ ಹಿಡಿದು ಒಂದು ತಿಂಗಳವರೆಗಿನ ಅಂತರದಲ್ಲಿ ಅವುಗಳನ್ನು ಮತ್ತೆ ಕಲಿತು, ಮರೆವು ಮೊದಲ ಗಂಟೆಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆಂದು ಆತ ತೋರಿಸಿದ. ಒಬ್ಬನ ಮೇಲೆ ನಡೆದ ಪ್ರಯೋಗವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಅದೇ ಕ್ರಮವನ್ನು ಮತ್ತೊಬ್ಬ ವ್ಯಕ್ತಿಯಿಂದ ಮಾಡಿಸಿದಾಗ ಬಹುಮಟ್ಟಿಗೆ ಅದೇ ವಕ್ರರೇಖೆ ಮೂಡಿತು. ಕ್ರಮವನ್ನು ಅಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟದ್ದರಿಂದಲೇ 130 ವರ್ಷಗಳ ಬಳಿಕ ಅದನ್ನು ಮರಳಿ ಮಾಡಲು ಸಾಧ್ಯವಾಯಿತು. ಆ ಕಟ್ಟುನಿಟ್ಟಿಗೆ ತೆತ್ತ ಬೆಲೆಯೆಂದರೆ ಅರ್ಥ: ರಸ್ತೆಯಲ್ಲಿ ಅಪಘಾತ ಕಂಡವನು ಅರ್ಥವಿಲ್ಲದ ಅಕ್ಷರಗಳನ್ನು ಕಂಡಿರುವುದಿಲ್ಲ. ಕೇಂಬ್ರಿಡ್ಜಿನ ಫ್ರೆಡರಿಕ್ ಬಾರ್ಟ್ಲೆಟ್ 1932ರ ತನ್ನ ಗ್ರಂಥದಲ್ಲಿ ಈ ಕೊರತೆಯನ್ನು ತುಂಬಲು ಹೊರಟು, ಅಪರಿಚಿತ ಸಂಸ್ಕೃತಿಯೊಂದರ ಕಥೆಯನ್ನು ಓದಿಸಿ, ಅದನ್ನು ಮತ್ತೆ ಮತ್ತೆ ಬರೆಸಿ, ಓದುಗರು ಅದನ್ನು ತಮ್ಮ ಲೋಕಕ್ಕೆ ಹೊಂದುವಂತೆ ಮಾರ್ಪಡಿಸಿಕೊಳ್ಳುತ್ತಾರೆಂದು ತೋರಿಸಿದ. ನೆನಪು ಅಚ್ಚೊತ್ತಿದ ಪ್ರತಿಯಾಗಿರದೆ ಪ್ರತಿ ಸಲವೂ ಕಟ್ಟಿಕೊಳ್ಳುವ ಕ್ರಿಯೆ ಎಂಬ ದೊಡ್ಡ ವಿಚಾರ ಅಲ್ಲಿಂದ ಬಂತು. ಆದರೆ ಬಾರ್ಟ್ಲೆಟ್ ಕೊಟ್ಟ ಸೂಚನೆಗಳು ಸಡಿಲವಾಗಿದ್ದವು; 1967ರಲ್ಲಿ ಬೇರೆ ಸಂಶೋಧಕರು, ಕಥೆಯನ್ನು ಆದಷ್ಟು ನಿಖರವಾಗಿ ಬರೆಯಬೇಕೆಂದು ಒತ್ತಿ ಹೇಳಿದಾಗ ಮಾರ್ಪಾಟುಗಳು ಗಣನೀಯವಾಗಿ ತಗ್ಗಿದವು.

ಈ ಎರಡು ಪರಂಪರೆಗಳನ್ನು ಬೆಸೆದ ಪ್ರಯೋಗವೆಂದು 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಅಧ್ಯಯನವನ್ನು ಹೇಳಬಹುದು. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಕಿರುಚಿತ್ರಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗವಾಗಿ ಚಲಿಸುತ್ತಿದ್ದವು ಎಂದು ಕೇಳಲಾಯಿತು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದವನ್ನು ಮಾತ್ರ ಗುಂಪಿನಿಂದ ಗುಂಪಿಗೆ ಬದಲಿಸಲಾಗಿತ್ತು: ಒಂದು ಗುಂಪಿಗೆ ಕಾರುಗಳು ಅಪ್ಪಳಿಸಿದಾಗ ಎಂದು, ಇನ್ನೊಂದಕ್ಕೆ ಢಿಕ್ಕಿ ಹೊಡೆದಾಗ ಎಂದು, ಮತ್ತೊಂದಕ್ಕೆ ಬರಿಯ ತಾಗಿದಾಗ ಎಂದು. ಅಪ್ಪಳಿಸಿದಾಗ ಎಂಬುದನ್ನು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 40 ಮೈಲಿಗೂ ತುಸು ಹೆಚ್ಚು, ತಾಗಿದಾಗ ಎಂಬುದನ್ನು ಕೇಳಿಸಿಕೊಂಡವರದು 31.8 ಮೈಲಿ. ಪ್ರಯೋಗದ ಪರಿಭಾಷೆಯಲ್ಲಿ, ಸಂಶೋಧಕ ತಾನೇ ಬದಲಿಸುವ ಅಂಶ, ಇಲ್ಲಿ ಕ್ರಿಯಾಪದ, ಸ್ವತಂತ್ರ ಚರ; ಅದರ ಪರಿಣಾಮವಾಗಿ ಬದಲಾಗಬಹುದಾದ ಅಂಶ, ಇಲ್ಲಿ ವೇಗದ ಅಂದಾಜು, ಅವಲಂಬಿತ ಚರ. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡುವ ಯಾದೃಚ್ಛಿಕ ಹಂಚಿಕೆಯಿಂದಾಗಿ, ಚಾಲನೆ ಬಲ್ಲವರು, ಭಯಸ್ವಭಾವದವರು, ಆತುರದವರು ಮುಂತಾದ ವ್ಯತ್ಯಾಸಗಳೆಲ್ಲ ಗುಂಪುಗಳ ನಡುವೆ ಹರಡಿಹೋಗಿ, ಉಳಿಯುವ ವ್ಯತ್ಯಾಸಕ್ಕೆ ಕ್ರಿಯಾಪದವೇ ಕಾರಣವೆಂದು ಹೇಳುವ ಅಧಿಕಾರ ಸಂಶೋಧಕನಿಗೆ ದೊರೆಯುತ್ತದೆ. ಕಾರ್ಯಕಾರಣ ಸಂಬಂಧವನ್ನು ಇಷ್ಟು ಧೈರ್ಯದಿಂದ ಹೇಳಲು ಬಿಡುವ ಬೇರೆ ವಿಧಾನ ಮನಶ್ಶಾಸ್ತ್ರದಲ್ಲಿಲ್ಲ.

ಆದರೆ ಕ್ರಿಯಾಪದವು ಬದಲಿಸಿದ್ದು ನೆನಪನ್ನೋ ಅಥವಾ ಉತ್ತರವನ್ನು ಮಾತ್ರವೋ ಎಂಬ ಸಂದೇಹ ಆಗಲೂ ಉಳಿಯುತ್ತದೆ. ವೇಗವನ್ನು ಅಂದಾಜಿಸುವುದು ಯಾರಿಗೂ ಕಷ್ಟದ ಕೆಲಸವಾದ್ದರಿಂದ, ಖಚಿತವಾಗಿ ತಿಳಿಯದವನು ಪ್ರಶ್ನೆಯೊಳಗಿನ ಸುಳಿವನ್ನೇ ಹಿಡಿದುಕೊಂಡಿರಬಹುದು. ಪ್ರಯೋಗದಲ್ಲಿ ಭಾಗವಹಿಸುವವರು ಸಂಶೋಧಕನಿಗೆ ಏನು ಬೇಕಾಗಿದೆ ಎಂಬುದನ್ನು ಊಹಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುವ ಪ್ರವೃತ್ತಿಯನ್ನು ಮಾರ್ಟಿನ್ ಆರ್ನ್ 1962ರಲ್ಲೇ ವಿವರಿಸಿ, ಅಂಥ ಊಹೆಗೆ ಎಡೆಗೊಡುವ ಸುಳಿವುಗಳಿಗೆ ಬೇಡಿಕೆಯ ಲಕ್ಷಣಗಳೆಂದು ಹೆಸರಿಟ್ಟಿದ್ದ. ಲಾಫ್ಟಸ್ ಮತ್ತು ಪಾಮರ್ ಇದನ್ನು ಕಡೆಗಣಿಸಲಿಲ್ಲ. ಎರಡನೆಯ ಪ್ರಯೋಗದಲ್ಲಿ 150 ವಿದ್ಯಾರ್ಥಿಗಳನ್ನು ಐವತ್ತರಂತೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ವೇಗದ ಪ್ರಶ್ನೆಯನ್ನೇ ಕೇಳದೆ ನಿಯಂತ್ರಣ ಗುಂಪಾಗಿ, ಅಂದರೆ ಹೋಲಿಕೆಯ ಆಧಾರವಾಗಿ ಉಳಿಸಿಕೊಂಡು, ವಾರ ಕಳೆದ ಮೇಲೆ ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜು ಒಡೆದಿರಲಿಲ್ಲ. ಕಂಡೆವೆಂದವರು ಅಪ್ಪಳಿಸಿದ ಗುಂಪಿನಲ್ಲಿ 16, ಢಿಕ್ಕಿಯ ಗುಂಪಿನಲ್ಲಿ 7, ನಿಯಂತ್ರಣ ಗುಂಪಿನಲ್ಲಿ 6 ಮಂದಿ. ಒಂದು ಪ್ರಯೋಗ ಬಿಟ್ಟ ಬಿರುಕನ್ನು ಮುಚ್ಚಲೆಂದೇ ಮುಂದಿನದನ್ನು ರಚಿಸುವ ಈ ಶಿಸ್ತು ಪ್ರಯೋಗ ವಿಧಾನದ ಅತ್ಯುತ್ತಮ ಮುಖ. ಪ್ರಸಿದ್ಧ ಪ್ರಯೋಗಗಳನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ಬರಹಗಳಲ್ಲಿ ಕಳೆದುಹೋಗುವುದೂ ಇದೇ. ಅದೇ ವೇಳೆಗೆ, ಅಪ್ಪಳಿಸಿದ ಗುಂಪಿನಲ್ಲೂ 50 ಮಂದಿಯಲ್ಲಿ 34 ಮಂದಿ ಇಲ್ಲದ ಗಾಜನ್ನು ಕಂಡೆವೆಂದು ಹೇಳಲಿಲ್ಲ ಎಂಬುದನ್ನೂ ಮರೆಯಬಾರದು.

ಚಿತ್ರ ನೋಡುವ ವಿದ್ಯಾರ್ಥಿಗೆ ಭಯವಿಲ್ಲ, ತನ್ನ ಮಾತಿನಿಂದ ಯಾರಿಗಾದರೂ ಶಿಕ್ಷೆಯಾಗಬಹುದೆಂಬ ಹೊಣೆಯೂ ಇಲ್ಲ. ಪ್ರಯೋಗದ ಫಲಿತಾಂಶ ನಿಜಜೀವನಕ್ಕೆ ಎಷ್ಟು ಅನ್ವಯಿಸುತ್ತದೆಂಬ ಈ ಗುಣವನ್ನು ಪರಿಸರ ಸಿಂಧುತ್ವ ಎನ್ನುತ್ತಾರೆ. ಕೆನಡಾದ ಜಾನ್ ಯೂಯ್ಲ್ ಮತ್ತು ಜುಡಿತ್ ಕಟ್‌ಶಾಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊರತೆಗೆ ನೇರವಾಗಿ ಎದುರಾಯಿತು. ಬಂದೂಕು ಮಾರುವ ಅಂಗಡಿಯೊಂದನ್ನು ದೋಚಿದವನೂ ಅಂಗಡಿಯ ಮಾಲೀಕನೂ ಹಗಲಿನಲ್ಲಿ, ಬೀದಿಯಲ್ಲಿ, ಪರಸ್ಪರ ಗುಂಡು ಹಾರಿಸಿ, ದರೋಡೆಕೋರ ಸತ್ತ ಘಟನೆಯನ್ನು ಕಂಡ 21 ಜನರನ್ನು ಪೊಲೀಸರು ವಿಚಾರಿಸಿದ್ದರು. ಅವರಲ್ಲಿ 13 ಮಂದಿ ನಾಲ್ಕೈದು ತಿಂಗಳ ಬಳಿಕ ಸಂಶೋಧಕರೊಂದಿಗೆ ಮಾತಾಡಲು ಒಪ್ಪಿದರು. ಅವರ ನೆನಪು ಪ್ರಯೋಗಾಲಯದ ಫಲಿತಾಂಶಗಳು ಸೂಚಿಸುವುದಕ್ಕಿಂತ ಬಹಳ ಗಟ್ಟಿಯಾಗಿತ್ತು, ಬೇಕೆಂದೇ ತೂರಿಸಿದ ದಾರಿತಪ್ಪಿಸುವ ಪ್ರಶ್ನೆಗಳಿಗೂ ಹೆಚ್ಚಿನವರು ಬಗ್ಗಲಿಲ್ಲ, ಮತ್ತು ಅತಿ ಹೆಚ್ಚು ಒತ್ತಡ ಅನುಭವಿಸಿದೆವೆಂದು ಹೇಳಿಕೊಂಡವರ ನೆನಪು ಹೆಚ್ಚು ನಿಖರವಾಗಿತ್ತು.

ಹಾಗಾದರೆ ಪ್ರಯೋಗಾಲಯ ಸೋತಿತೆ? ಕ್ಷೇತ್ರ ಅಧ್ಯಯನದ ದೌರ್ಬಲ್ಯ ಕಣ್ಣಿಗೆ ಬೀಳುವುದು ಇಲ್ಲಿಯೇ. ಭಾಗವಹಿಸದೆ ಉಳಿದ ಎಂಟು ಮಂದಿಯ ನೆನಪು ಹೇಗಿತ್ತೆಂದು ತಿಳಿಯುವ ಮಾರ್ಗವಿಲ್ಲ. ನೆನಪು ಚೆನ್ನಾಗಿದ್ದವರೇ ಒಪ್ಪಿರಬಹುದು. ಅದಕ್ಕಿಂತ ಮುಖ್ಯವಾಗಿ, ಹೆಚ್ಚು ಒತ್ತಡಕ್ಕೆ ಒಳಗಾದವರು ಘಟನೆಗೆ ಅತ್ಯಂತ ಸಮೀಪದಲ್ಲಿದ್ದವರೂ ಆಗಿದ್ದರು. ಅವರು ಚೆನ್ನಾಗಿ ನೆನಪಿಟ್ಟುಕೊಂಡದ್ದು ಒತ್ತಡದಿಂದಲೋ, ಹತ್ತಿರದಿಂದ ಕಂಡದ್ದರಿಂದಲೋ ಬೇರ್ಪಡಿಸಿ ಹೇಳಲಾಗದು. ಹೀಗೆ ಎರಡು ಕಾರಣಗಳು ಒಂದಕ್ಕೊಂದು ಹೆಣೆದುಕೊಂಡು ಬಂದಾಗ ಅದನ್ನು ಚರಗಳ ಮಿಶ್ರಣವೆನ್ನುತ್ತಾರೆ. ಬದುಕಿನಲ್ಲಿ ಕಾರಣಗಳು ಯಾವಾಗಲೂ ಹೆಣೆದುಕೊಂಡೇ ಬರುವುದರಿಂದ, ಬದುಕಿಗೆ ಹತ್ತಿರವಾದಷ್ಟೂ ಈ ತೊಡಕು ಹೆಚ್ಚುತ್ತದೆ. ಸ್ವೀಡನ್ನಿನಲ್ಲಿ 22 ಬ್ಯಾಂಕ್ ದರೋಡೆಗಳನ್ನು ಕಂಡ 110 ಸಾಕ್ಷಿಗಳ ಅಧ್ಯಯನ, 1993ರಲ್ಲಿ ಪ್ರಕಟವಾದದ್ದು, ಒಂದೇ ಘಟನೆಯ ಮೇಲೆ ನಿಲ್ಲುವ ತೊಂದರೆಯನ್ನು ದಾಟಿತು. ಬಂದೂಕಿನ ಎದುರು ನಿಂತ ಬ್ಯಾಂಕ್ ನೌಕರರು ಪಕ್ಕದಲ್ಲಿದ್ದ ಗ್ರಾಹಕರಿಗಿಂತ ಹೆಚ್ಚು ಸರಿಯಾಗಿ ನೆನಪಿಟ್ಟುಕೊಂಡಿದ್ದರೆಂದು ಅದು ತೋರಿಸಿತಾದರೂ, ಸಾಮೀಪ್ಯ ಮತ್ತು ಭಯದ ಗಂಟನ್ನು ಅದೂ ಬಿಡಿಸಲಿಲ್ಲ.

ಈ ಗಂಟನ್ನು ಬಿಡಿಸಲು ಜನರನ್ನು ನಿಜವಾಗಿ ಹೆದರಿಸಬೇಕು, ಹಾಗೆ ಹೆದರಿಸುವ ಹಕ್ಕು ಸಂಶೋಧಕನಿಗಿಲ್ಲ. ಅಮೆರಿಕದ ಚಾರ್ಲ್ಸ್ ಮಾರ್ಗನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೊಂದು ಅಪರೂಪದ ದಾರಿ ಕಂಡುಕೊಂಡಿತು. ಶತ್ರುವಿನ ಸೆರೆಯಲ್ಲಿ ಬದುಕುಳಿಯುವುದನ್ನು ಕಲಿಸುವ ಸೇನಾ ತರಬೇತಿಯಲ್ಲಿ ಹೇಗೂ ಕಠಿಣ ವಿಚಾರಣೆಗೆ ಒಳಗಾಗಬೇಕಿದ್ದ 509 ಮಂದಿಯನ್ನು ಅವರು ಆರಿಸಿಕೊಂಡರು. ದೈಹಿಕ ಬೆದರಿಕೆಯಿದ್ದ ವಿಚಾರಣೆ ನಡೆಸಿದವನನ್ನು ಸಾಲಾಗಿ ನಿಂತವರ ನಡುವೆ ಸರಿಯಾಗಿ ಗುರುತಿಸಿದವರು ಶೇ. 30, ಬೆದರಿಕೆಯಿಲ್ಲದ ವಿಚಾರಣೆ ನಡೆಸಿದವನನ್ನು ಗುರುತಿಸಿದವರು ಶೇ. 62. ಬೆದರಿಕೆಗೆ ಒಳಗಾದಾಗ, ಅರ್ಧಗಂಟೆಗೂ ಮೀರಿ ಎದುರೆದುರು ಕಂಡ ಮುಖವನ್ನೇ ಬಹುಪಾಲು ಮಂದಿ ಗುರುತಿಸದೆ ಹೋದರು. ಕೆನಡಾದ ಫಲಿತಾಂಶಕ್ಕೆ ಇದು ತದ್ವಿರುದ್ಧವೆಂದು ತೋರಿದರೂ, ಅಲ್ಲಿ ಅಳೆದದ್ದು ಘಟನೆಯ ವಿವರಗಳನ್ನು, ಇಲ್ಲಿ ಅಳೆದದ್ದು ಅಪರಿಚಿತನ ಮುಖದ ಗುರುತನ್ನು. ಅಲ್ಲಿದ್ದವರು ದಾರಿಹೋಕರು, ಇಲ್ಲಿದ್ದವರು ನಿದ್ದೆಗೆಟ್ಟ ಸೈನಿಕರು. ಒತ್ತಡ ನೆನಪನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಯೊಳಗೆ ಹಲವು ಪ್ರಶ್ನೆಗಳಿದ್ದವೆಂಬುದು ಎರಡು ವಿಧಾನಗಳು ಜಗಳವಾಡಿದ್ದರಿಂದಲೇ ಬೆಳಕಿಗೆ ಬಂತು.

ಇಷ್ಟಾದರೂ ನಿಜಜೀವನದ ನೆನಪನ್ನು ಅಧ್ಯಯನ ಮಾಡುವವರನ್ನು ಕಾಡುವ ಮೂಲಭೂತ ಕೊರತೆ ಬೇರೊಂದಿದೆ: ನಿಜವಾಗಿ ನಡೆದದ್ದೇನೆಂಬ ದಾಖಲೆ ಬಹುತೇಕ ಇರುವುದಿಲ್ಲ. ಆ ದಾಖಲೆ ದೊರೆತ ಒಂದು ಪ್ರಕರಣವನ್ನು ಉಲ್ರಿಕ್ ನೈಸರ್ 1981ರಲ್ಲಿ ವ್ಯಕ್ತಿ ಅಧ್ಯಯನವಾಗಿ ಬೆಳೆಸಿದ. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ನರ ಕಾನೂನು ಸಲಹೆಗಾರ ಜಾನ್ ಡೀನ್ 1973ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ 245 ಪುಟಗಳ ಹೇಳಿಕೆ ಓದಿ, ತಿಂಗಳುಗಳ ಹಿಂದಿನ ಸಂಭಾಷಣೆಗಳನ್ನು ಬೆರಗಾಗುವಷ್ಟು ವಿವರವಾಗಿ ನೆನಪಿಸಿಕೊಂಡಿದ್ದ. ಶ್ವೇತಭವನದ ಕೊಠಡಿಯಲ್ಲಿ ಧ್ವನಿಮುದ್ರಣ ನಡೆಯುತ್ತಿತ್ತೆಂಬುದು ಅದಾದ ಮೇಲೆ ಬಯಲಾಯಿತು. ನೈಸರ್ ಎರಡನ್ನೂ ಹೋಲಿಸಿದಾಗ, 1972ರ ಸೆಪ್ಟೆಂಬರ್ 15ರ ಭೇಟಿಯ ಬಗ್ಗೆ ಡೀನ್ ಕೊಟ್ಟ ವಿವರದಲ್ಲಿ ಮಾತುಗಳೂ ಸರಿಯಿರಲಿಲ್ಲ, ಆ ದಿನದ ಮಾತುಕತೆಯ ಸಾರವೂ ಸರಿಯಿರಲಿಲ್ಲ. ಆದರೆ ಹಗರಣವನ್ನು ಮುಚ್ಚಿಹಾಕಲಾಗುತ್ತಿದೆ, ಅಧ್ಯಕ್ಷರಿಗೆ ಅದು ತಿಳಿದಿದೆ ಎಂಬ ಅವನ ಒಟ್ಟು ಸಾಕ್ಷ್ಯ ಸತ್ಯವಾಗಿತ್ತು. ವಿವರಗಳೆಲ್ಲ ತಪ್ಪಾಗಿದ್ದೂ ಸಾಕ್ಷಿ ಸತ್ಯ ಹೇಳುತ್ತಿರಬಹುದು ಎಂಬ ಈ ವಿಚಾರ ಸರಿ ಉತ್ತರಗಳನ್ನು ಎಣಿಸುವ ಪ್ರಯೋಗದಿಂದ ಹುಟ್ಟುವುದು ಕಷ್ಟ. ಒಬ್ಬ ಮಹತ್ವಾಕಾಂಕ್ಷಿ ವಕೀಲನಿಂದ ಎಲ್ಲ ಸಾಕ್ಷಿಗಳ ಬಗ್ಗೆ ನಿಯಮ ಮಾಡಲಾಗದು, ಯಾವುದು ಸಾರ ಯಾವುದು ವಿವರ ಎಂದು ವಿಂಗಡಿಸಿದ್ದೂ ಸಂಶೋಧಕನ ತೀರ್ಮಾನವೇ. ವ್ಯಕ್ತಿ ಅಧ್ಯಯನ ಪ್ರಶ್ನೆಗಳನ್ನು ಹುಟ್ಟಿಸುವುದರಲ್ಲಿ ಸಮರ್ಥ, ಅವನ್ನು ತೀರ್ಮಾನಿಸುವುದರಲ್ಲಿ ದುರ್ಬಲ.

ಸಮೀಕ್ಷೆಯನ್ನು ಕಾಲಾಂತರದಲ್ಲಿ ಮರಳಿ ನಡೆಸಿದರೆ ದಾಖಲೆಯ ಕೊರತೆಯನ್ನು ಭಾಗಶಃ ನೀಗಬಹುದು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನವೇ, ಆ ಸುದ್ದಿ ಹೇಗೆ ತಿಳಿಯಿತೆಂದು ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡ ನೈಸರ್ ಮತ್ತು ನಿಕೋಲ್ ಹಾರ್ಶ್, ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ನಾಲ್ವರಲ್ಲಿ ಒಬ್ಬರ ವಿವರಣೆ ಸಂಪೂರ್ಣವಾಗಿ ಬೇರೆಯಾಗಿತ್ತು, ಆದರೂ ಆತ್ಮವಿಶ್ವಾಸ ಕುಂದಿರಲಿಲ್ಲ. ತಮ್ಮದೇ ಕೈಬರಹ ತೋರಿಸಿದಾಗಲೂ ಹಳೆಯ ನೆನಪು ಮರಳಲಿಲ್ಲ. ಸಾಮಾನ್ಯ ನೆನಪಿನೊಂದಿಗೆ ಹೋಲಿಕೆ ಮಾತ್ರ ಈ ಅಧ್ಯಯನದಲ್ಲಿ ಇರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ ಜೆನಿಫರ್ ಟಾಲರಿಕೊ ಮತ್ತು ಡೇವಿಡ್ ರೂಬಿನ್ 54 ವಿದ್ಯಾರ್ಥಿಗಳಿಂದ ದಾಳಿಯ ಸುದ್ದಿಯ ಜೊತೆಗೆ ಆ ದಿನಗಳ ಯಾವುದಾದರೊಂದು ಸಾಧಾರಣ ಘಟನೆಯನ್ನೂ ಬರೆಸಿಕೊಂಡು ಆ ಕೊರತೆಯನ್ನು ತುಂಬಿದರು. ಕಾಲ ಕಳೆದಂತೆ ಎರಡೂ ನೆನಪುಗಳು ಒಂದೇ ಪ್ರಮಾಣದಲ್ಲಿ ಕೆಟ್ಟವು. ದಾಳಿಯ ನೆನಪು ಸರಿಯೆಂಬ ನಂಬಿಕೆ ಮಾತ್ರ ಕೆಡದೆ ಉಳಿಯಿತು.

ಆತ್ಮವಿಶ್ವಾಸದ ಈ ಪ್ರಶ್ನೆಯೇ ನ್ಯಾಯಾಲಯದ ಪ್ರಶ್ನೆಯೂ ಹೌದು. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದ ಮೊದಲ 250 ಕೈದಿಗಳ ಕಡತಗಳನ್ನು ಕಾನೂನು ವಿದ್ವಾಂಸ ಬ್ರ್ಯಾಂಡನ್ ಗ್ಯಾರೆಟ್ ಪರಿಶೀಲಿಸಿದಾಗ, 190 ಪ್ರಕರಣಗಳಲ್ಲಿ ಪ್ರತ್ಯಕ್ಷ ಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತಿಸಿದ್ದು ಕಂಡುಬಂತು. ಈ ಸಂಖ್ಯೆಯನ್ನು ಉಲ್ಲೇಖಿಸಿ ಸಾಕ್ಷಿಗಳು ನಾಲ್ಕರಲ್ಲಿ ಮೂರು ಪಾಲು ತಪ್ಪುತ್ತಾರೆ ಎನ್ನುವವರಿದ್ದಾರೆ. ಅದು ತಪ್ಪು ತರ್ಕ. ದಾಖಲೆಗಳ ಅಧ್ಯಯನದಲ್ಲಿ ಮಾದರಿ ಹೇಗೆ ಆಯ್ಕೆಯಾಯಿತೆಂಬುದೇ ಮೊದಲ ಪ್ರಶ್ನೆ, ಮತ್ತು ಇಲ್ಲಿ ಆಯ್ಕೆಯಾದವೆಲ್ಲ ತೀರ್ಪು ತಪ್ಪಾದ ಪ್ರಕರಣಗಳೇ; ಸಾಕ್ಷಿ ಸರಿಯಾಗಿದ್ದ ಪ್ರಕರಣ ಈ ಪಟ್ಟಿಯೊಳಗೆ ಬರುವಂತೆಯೇ ಇಲ್ಲ. ಅದೇ ಕಡತಗಳು ಬೇರೊಂದು ಅಮೂಲ್ಯ ಸಂಗತಿಯನ್ನು ಹೇಳಿದವು: ವಿಚಾರಣೆಯ ಪೂರ್ಣ ದಾಖಲೆ ದೊರೆತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ, ಕಟಕಟೆಯಲ್ಲಿ ದೃಢವಾಗಿ ಬೆರಳು ತೋರಿದ ಸಾಕ್ಷಿ ಮೊದಲ ಸಲ ಗುರುತಿಸುವಾಗ ಅನುಮಾನಿಸಿದ್ದ.

ಪೊಲೀಸ್ ಠಾಣೆಯಲ್ಲಿ ಗುರುತಿಸುವ ಕ್ರಮವನ್ನೇ ಪರೀಕ್ಷಿಸಲು ಹೊರಟ ಇಲಿನಾಯ್ ರಾಜ್ಯದ 2006ರ ವರದಿ, ಸಂಶೋಧನಾ ವಿನ್ಯಾಸದ ಒಂದು ಲೋಪ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಉದಾಹರಣೆ. ಹಳೆಯ ಕ್ರಮದಲ್ಲಿ ಎಲ್ಲ ಭಾವಚಿತ್ರಗಳನ್ನೂ ಒಟ್ಟಿಗೆ ತೋರಿಸಲಾಗುತ್ತಿತ್ತು, ತೋರಿಸುವ ಅಧಿಕಾರಿಗೆ ಶಂಕಿತ ಯಾರೆಂದು ತಿಳಿದಿರುತ್ತಿತ್ತು. ಹೊಸ ಕ್ರಮದಲ್ಲಿ ಒಂದೊಂದಾಗಿ ತೋರಿಸಲಾಯಿತು, ತೋರಿಸುವವನಿಗೆ ಶಂಕಿತ ಯಾರೆಂದು ತಿಳಿದಿರಲಿಲ್ಲ. ಸಾಕ್ಷಿಗೂ ಪರೀಕ್ಷಿಸುವವನಿಗೂ ಉತ್ತರ ಗೊತ್ತಿರದ ಇಂಥ ಏರ್ಪಾಟನ್ನು ದ್ವಿ-ಅಂಧ ಕ್ರಮ ಎನ್ನುತ್ತಾರೆ. ಹೊಸ ಕ್ರಮದಲ್ಲಿ ಸಾಕ್ಷಿಗಳು ಶಂಕಿತನನ್ನು ಆರಿಸಿದ್ದು ಕಡಿಮೆ, ಸಾಲು ತುಂಬಲು ಸೇರಿಸಿದ್ದ, ನಿರಪರಾಧಿಗಳೆಂದು ಮೊದಲೇ ತಿಳಿದಿದ್ದ ವ್ಯಕ್ತಿಗಳನ್ನು ಆರಿಸಿದ್ದು ಹೆಚ್ಚು. ಹೊಸ ಕ್ರಮವೇ ಕೆಟ್ಟದ್ದೆಂಬ ತೀರ್ಮಾನ ಹಬ್ಬಿತು. ಆದರೆ ಏಕಕಾಲಕ್ಕೆ ಎರಡು ಅಂಶಗಳನ್ನು ಬದಲಿಸಿದ್ದರಿಂದ, ಹಳೆಯ ಕ್ರಮದ ಫಲ ಚೆನ್ನಾಗಿ ಕಂಡದ್ದು ಅಧಿಕಾರಿಯ ಅರಿವಿಲ್ಲದ ಸನ್ನೆಯಿಂದಲೂ ಇರಬಹುದಾಗಿತ್ತು. ಮುಂದೆ ನಾಲ್ಕು ನಗರಗಳಲ್ಲಿ ಎರಡೂ ಬಗೆಗಳನ್ನು ದ್ವಿ-ಅಂಧವಾಗಿಯೇ, ಯಾದೃಚ್ಛಿಕವಾಗಿ ಹಂಚಿ ನಡೆಸಿದ ಅಧ್ಯಯನದಲ್ಲಿ ಒಂದೊಂದಾಗಿ ತೋರಿಸಿದಾಗಲೇ ತಪ್ಪು ಆಯ್ಕೆಗಳು ಕಡಿಮೆಯಾದವು. ಈ ಎರಡು ಬಗೆಗಳಲ್ಲಿ ಯಾವುದು ಮೇಲೆಂಬ ವಾದ ಇನ್ನೂ ತೀರಿಲ್ಲವೆಂದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞ ಸಮಿತಿ, 2014ರ ವರದಿಯಲ್ಲಿ ಎರಡು ವಿಷಯಗಳನ್ನು ಖಚಿತವಾಗಿ ಶಿಫಾರಸು ಮಾಡಿತು: ತೋರಿಸುವವನಿಗೆ ಶಂಕಿತ ಯಾರೆಂದು ತಿಳಿದಿರಬಾರದು, ಸಾಕ್ಷಿಯ ಮೊದಲ ಕ್ಷಣದ ಆತ್ಮವಿಶ್ವಾಸವನ್ನು ಆಗಲೇ ಬರೆದುಕೊಳ್ಳಬೇಕು.

ಒಂದು ಫಲಿತಾಂಶ ಬೇರೆ ಕೈಗಳಲ್ಲೂ ಮರಳಿ ಬರುತ್ತದೆಯೇ ಎಂಬುದು ಎಲ್ಲ ವಿಧಾನಗಳಿಗೂ ಸಲ್ಲುವ ಪರೀಕ್ಷೆ. 2015ರಲ್ಲಿ 100 ಮನಶ್ಶಾಸ್ತ್ರೀಯ ಅಧ್ಯಯನಗಳನ್ನು ಪುನರಾವರ್ತಿಸಿದ ಸಾಮೂಹಿಕ ಯೋಜನೆಯಲ್ಲಿ ಕೇವಲ ಶೇ. 36ರಷ್ಟು ಪುನರಾವರ್ತನೆಗಳು ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ ಪರಿಣಾಮ ತೋರಿಸಿದ್ದು ಈ ಶಾಸ್ತ್ರವನ್ನೇ ನಡುಗಿಸಿತು. ಆದರೆ ಪುನರಾವರ್ತನೆಯೂ ಸೂಕ್ಷ್ಮವಾದ ಕಸುಬು. ದರೋಡೆಕೋರನ ಮುಖವನ್ನು ಮಾತಿನಲ್ಲಿ ವರ್ಣಿಸಿದವರು ಆಮೇಲೆ ಅವನನ್ನು ಗುರುತಿಸುವುದರಲ್ಲಿ ಹಿಂದೆ ಬೀಳುತ್ತಾರೆಂದು 1990ರಲ್ಲಿ ಜೊನಾಥನ್ ಸ್ಕೂಲರ್ ಮತ್ತು ಸಹೋದ್ಯೋಗಿ ಹೇಳಿದ್ದನ್ನು 2014ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿದಾಗ, ವೀಡಿಯೋ ನೋಡಿದ ಕೂಡಲೇ ವರ್ಣಿಸಿದರೆ ಪರಿಣಾಮ ಶೇ. 4ರಷ್ಟು, ಇಪ್ಪತ್ತು ನಿಮಿಷ ಬಿಟ್ಟು, ಗುರುತಿಸುವುದಕ್ಕೆ ಸ್ವಲ್ಪವೇ ಮುಂಚೆ ವರ್ಣಿಸಿದರೆ ಶೇ. 16ರಷ್ಟು ಎಂದು ಕಂಡುಬಂತು. ಮೊದಲ ಸುತ್ತಿನ ಫಲಿತಾಂಶ ಮಾತ್ರ ಪ್ರಕಟವಾಗಿದ್ದರೆ ಮೂಲ ಸಂಶೋಧನೆ ಬಿದ್ದುಹೋಯಿತೆಂದೇ ಎಲ್ಲರೂ ಬರೆಯುತ್ತಿದ್ದರು.

ಇಲ್ಲಿ ಉಲ್ಲೇಖಿಸಿದ ಅಧ್ಯಯನಗಳೆಲ್ಲ ಯೂರೋಪು ಮತ್ತು ಉತ್ತರ ಅಮೆರಿಕದಲ್ಲಿ ಮೊದಲುಗೊಂಡವು ಎಂಬುದು ಆಕಸ್ಮಿಕವಲ್ಲ. ಮನಶ್ಶಾಸ್ತ್ರದ ಆರು ಪ್ರಮುಖ ಅಮೆರಿಕನ್ ನಿಯತಕಾಲಿಕಗಳನ್ನು ಪರಿಶೀಲಿಸಿದ 2008ರ ವಿಶ್ಲೇಷಣೆಯೊಂದರ ಪ್ರಕಾರ, ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 96ರಷ್ಟು ಮಂದಿ ಜಗತ್ತಿನ ಜನಸಂಖ್ಯೆಯ ಶೇ. 12ರಷ್ಟಿರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ತರಬೇತಿ ಪಡೆದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ನಾಡಿನಲ್ಲಿ, ಈ ಪ್ರಶ್ನೆಗಳನ್ನು ಇಲ್ಲಿನ ಸಾಕ್ಷಿಗಳ ಮೇಲೆಯೇ ಪರೀಕ್ಷಿಸುವುದು ಅತ್ಯಗತ್ಯ. ಶಂಕಿತನನ್ನು ಇತರರ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವ ಭಾರತದ ಗುರುತು ಪತ್ತೆ ಪರೇಡನ್ನು ಮ್ಯಾಜಿಸ್ಟ್ರೇಟರು ನಡೆಸುವುದೂ ಪೊಲೀಸರನ್ನು ಅದರಿಂದ ದೂರವಿಡುವುದೂ ದ್ವಿ-ಅಂಧ ತತ್ತ್ವಕ್ಕೆ ಹತ್ತಿರವಾದ ವಿವೇಕದ ಏರ್ಪಾಟು. ಆದರೆ ಆ ಪರೇಡ್ ತಾನೇ ಸ್ವತಂತ್ರ ಪುರಾವೆಯಾಗದು, ನ್ಯಾಯಾಲಯದಲ್ಲಿ ಮಾಡುವ ಗುರುತಿಸುವಿಕೆಗೆ ಅದು ಬೆಂಬಲ ಮಾತ್ರ ಎಂಬುದು ಸರ್ವೋಚ್ಚ ನ್ಯಾಯಾಲಯ ಅನೇಕ ತೀರ್ಪುಗಳಲ್ಲಿ ಎತ್ತಿಹಿಡಿದ ನಿಯಮ. ಎಂದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಆರೋಪಿಯ ಸ್ಥಾನದಲ್ಲಿ ಒಬ್ಬನೇ ನಿಂತಿರುವಾಗ ಮಾಡುವ ಗುರುತಿಗೆ ಹೆಚ್ಚಿನ ತೂಕ. ಪ್ರಯೋಗ, ಸಮೀಕ್ಷೆ, ಕಡತಗಳ ಅಧ್ಯಯನ ಈ ಮೂರೂ, ಬೇರೆ ಬೇರೆ ದೌರ್ಬಲ್ಯಗಳಿದ್ದೂ, ಮೊದಲ ಪರೀಕ್ಷೆಯೇ ಹೆಚ್ಚು ನಂಬಲರ್ಹ, ಆಮೇಲಿನ ಆತ್ಮವಿಶ್ವಾಸ ಮೋಸಗೊಳಿಸಬಲ್ಲದು ಎಂಬಲ್ಲಿ ಒಂದಾಗುತ್ತವೆ. ಪರೇಡಿನಲ್ಲಿ ಸಾಕ್ಷಿ ಮೊದಲು ಆಡಿದ ಮಾತು, ಆರಿಸಲು ಹಿಡಿದ ಸಮಯ, ಎಷ್ಟು ಖಚಿತವೆಂದು ಆತ ಹೇಳಿದ್ದು, ಸಾಲಿನಲ್ಲಿದ್ದ ಬೇರೆಯವರನ್ನು ತೋರಿಸಿದ್ದರೆ ಅದು, ಇವಿಷ್ಟೂ ಪ್ರತಿ ಪ್ರಕರಣದಲ್ಲಿ ಒಂದೇ ನಮೂನೆಯಲ್ಲಿ ದಾಖಲಾಗುವಂತಾದರೆ, ಕರ್ನಾಟಕದ ನ್ಯಾಯಾಲಯಗಳ ಕಡತಗಳಿಂದಲೇ ಇಲ್ಲಿನ ಸಾಕ್ಷಿಗಳ ಬಗ್ಗೆ ಕ್ಷೇತ್ರ ಅಧ್ಯಯನವನ್ನು ಆರಂಭಿಸಬಹುದು.